ಹಳೆ ಸಬ್‌ಸ್ಟೇಷನ್ ಬದಲಿಸಿದರೆ ಅಕ್ಕಪಕ್ಕದ ಮನೆಗಳಿಗೆ ಅಪಾಯವೇ? ಫಾರ್ವರ್ಡ್ ಮಾಡುವ ಮುನ್ನ ತಿಳಿದುಕೊಳ್ಳಿ

ಊರಿನ ಹಳೆಯ ವಿದ್ಯುತ್ ಉಪಕೇಂದ್ರವನ್ನು ಬದಲಿಸುತ್ತಾರೆ, ಅದೇ ಜಾಗದಲ್ಲಿ ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಾರೆ ಎಂಬ ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಮಾತುಗಳು ಓಡಾಡತೊಡಗುತ್ತವೆ. "ಸಬ್‌ಸ್ಟೇಷನ್ ಪಕ್ಕ ಮನೆ ಇದ್ದರೆ ಕ್ಯಾನ್ಸರ್ ಬರುತ್ತೆ." "25 ವರ್ಷ ದಾಟಿದ ಟ್ರಾನ್ಸ್‌ಫಾರ್ಮರ್ ಯಾವಾಗ ಬೇಕಾದರೂ ಸಿಡಿಯುತ್ತೆ." "ಒಳಗಿರುವ ಎಣ್ಣೆ ಬರೀ ವಿಷ." "ದೊಡ್ಡದು ಹಾಕಿದರೆ ಇನ್ನು ಕರೆಂಟ್ ಹೋಗೋದೇ ಇಲ್ಲ, ಆದರೆ ಬಿಲ್ ಜಾಸ್ತಿ ಬರುತ್ತೆ."

ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ಸತ್ಯ. ಒಂದೊಂದಾಗಿ ನೋಡೋಣ. ಚಿಕ್ಕದಾಗಿ ಉತ್ತರ ಬೇಕು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಅಕ್ಕಪಕ್ಕದ ಜನ ಹೆದರಬೇಕಾದ್ದು ಸರಿಯಾಗಿ ಕೂರಿಸಿದ ಹೊಸ ಯಂತ್ರಕ್ಕಲ್ಲ. ಒಳಗೆ ತೇವ ಸೇರಿದೆ, ಕಾಗದ ಸವೆದಿದೆ ಎಂದು ಪರೀಕ್ಷೆ ಹೇಳಿದ ಮೇಲೂ ಬದಲಿಸದೆ ಬಿಟ್ಟ ಹಳೆಯ ಯಂತ್ರಕ್ಕೆ.

ಉಪಕೇಂದ್ರ ಮಾಡುವ ಕೆಲಸವೇನು?

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಹುದಿಕೇರಿಯನ್ನೇ ತೆಗೆದುಕೊಳ್ಳಿ. ಗೋಣಿಕೊಪ್ಪದಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ ಊರು. ಸುತ್ತ ಕಾಫಿ ತೋಟ, ಗದ್ದೆ, ದೂರದೂರಕ್ಕೆ ಹರಡಿಕೊಂಡ ಮನೆಗಳು. ದಕ್ಷಿಣ ಕೊಡಗಿನವರಿಗೆ ಪೊನ್ನಂಪೇಟೆಯ 66/11 ಕೆ.ವಿ. ಉಪಕೇಂದ್ರದ ಹೆಸರು ಪತ್ರಿಕೆಯ 'ನಾಳೆ ವಿದ್ಯುತ್ ವ್ಯತ್ಯಯ' ಪ್ರಕಟಣೆಗಳಿಂದಲೇ ಪರಿಚಿತ. 66/11 ಎಂದರೆ ಇಷ್ಟೇ: ದೂರದಿಂದ 66,000 ವೋಲ್ಟ್‌ನಲ್ಲಿ ಬರುವ ವಿದ್ಯುತ್ತನ್ನು ಅಲ್ಲಿ 11,000 ವೋಲ್ಟ್‌ಗೆ ಇಳಿಸುತ್ತಾರೆ. ಅಲ್ಲಿಂದ ಫೀಡರ್ ಎಂದು ಕರೆಯುವ ಲೈನುಗಳು ಊರೂರಿಗೆ ಹೋಗುತ್ತವೆ. ನಿಮ್ಮ ಮನೆ ಹತ್ತಿರದ ಕಂಬದ ಮೇಲಿರುವ ಟಿ.ಸಿ. ಅದನ್ನು ಮತ್ತೆ ಇಳಿಸಿ 230 ವೋಲ್ಟ್ ಮಾಡಿ ಮನೆಗೆ ಕೊಡುತ್ತದೆ.

ಮೊದಲೇ ಕಡಿಮೆ ವೋಲ್ಟೇಜಿನಲ್ಲಿ ತಂದರೆ ಆಗದೇ? ಆಗದು. ಒಂದೇ ಪ್ರಮಾಣದ ವಿದ್ಯುತ್ತನ್ನು 66ರ ಬದಲು 11 ಕೆ.ವಿ.ಯಲ್ಲಿ ಸಾಗಿಸಿದರೆ ತಂತಿಯಲ್ಲಿ ಹರಿಯುವ ಕರೆಂಟ್ 6 ಪಟ್ಟು ಆಗುತ್ತದೆ. ತಂತಿ ಬಿಸಿಯಾಗಿ ಆಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ತಂತಿಯಲ್ಲಿ ನಷ್ಟ 36 ಪಟ್ಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಕಳಿಸಿದಾಗಲೂ ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸಿ ಗಣಿಯ ಬಳಿ ಇಳಿಸಿಕೊಂಡರು. ಲೆಕ್ಕ ಇಂದಿಗೂ ಅದೇ.

ಇದೇ ಲೆಕ್ಕ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ಕೊಡಗಿನ ಮೂಲಕ ಕೇರಳಕ್ಕೆ 400 ಕೆ.ವಿ.ಯ ಮೈಸೂರು–ಕೋಝಿಕ್ಕೋಡ್ ಲೈನ್ ಹೋಗಿದೆ. ಅದಕ್ಕಾಗಿ ಮರ ಕಡಿದದ್ದು ಜಿಲ್ಲೆಯಲ್ಲಿ ದೊಡ್ಡ ಹೋರಾಟಕ್ಕೆ ಕಾರಣವಾಗಿತ್ತು. "ತಲೆ ಮೇಲೆ ಅಷ್ಟು ದೊಡ್ಡ ಲೈನ್ ಇದ್ದರೂ ನಮಗೆ ಯಾಕೆ ಕರೆಂಟ್ ಇಲ್ಲ?" ಎಂದು ಕೇಳುವವರಿದ್ದಾರೆ. ಅಷ್ಟು ದೊಡ್ಡ ಲೈನಿನಿಂದ ನೇರವಾಗಿ ಊರಿಗೆ ತಂತಿ ಎಳೆಯಲು ಬರುವುದಿಲ್ಲ. ಅದನ್ನು ಹಂತ ಹಂತವಾಗಿ ಇಳಿಸುವ ಉಪಕೇಂದ್ರಗಳ ಸಾಲೇ ಬೇಕು. ನಮ್ಮ ಮನೆಯ ದೀಪ ನಿಂತಿರುವುದು ಆ ಸಾಲಿನ ಕೊನೆಯ ಉಪಕೇಂದ್ರದ ಆರೋಗ್ಯದ ಮೇಲೆ.

ಹೇಳಿಕೆ 1: 25 ವರ್ಷ ಆದರೆ ಟ್ರಾನ್ಸ್‌ಫಾರ್ಮರ್ 'ಎಕ್ಸ್‌ಪೈರ್' ಆಗುತ್ತದೆ

ಅರ್ಧ ಸತ್ಯ. 25 ಎಂಬ ಸಂಖ್ಯೆ ಸುಮ್ಮನೆ ಹುಟ್ಟಿದ್ದಲ್ಲ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಯಮಗಳಲ್ಲಿ ಉಪಕೇಂದ್ರದ ಉಪಯುಕ್ತ ಆಯುಷ್ಯ 25 ವರ್ಷ, ಪ್ರಸರಣ ಲೈನಿನದು 35 ವರ್ಷ ಎಂದಿದೆ. ಆದರೆ ಅದು ಹೂಡಿದ ಹಣವನ್ನು ಎಷ್ಟು ವರ್ಷಗಳಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂಬ ಹಣಕಾಸಿನ ಲೆಕ್ಕ. ಔಷಧದ ಡಬ್ಬಿಯ ಮೇಲಿನ ಕೊನೆಯ ದಿನಾಂಕದಂತೆ ಅಲ್ಲ. ಚೆನ್ನಾಗಿ ನೋಡಿಕೊಂಡ ಟ್ರಾನ್ಸ್‌ಫಾರ್ಮರ್ 40 ವರ್ಷವೂ ನಡೆಯಬಹುದು. ಮಿತಿಮೀರಿ ಹೊರೆ ಹೊರಿಸಿದ್ದು 15 ವರ್ಷಕ್ಕೇ ಸುಸ್ತಾಗಬಹುದು.

ಹಾಗಾದರೆ ವಯಸ್ಸಾಗುವುದು ಯಾವುದಕ್ಕೆ? ತಾಮ್ರದ ತಂತಿಗೂ ಅಲ್ಲ, ಕಬ್ಬಿಣದ ತಿರುಳಿಗೂ ಅಲ್ಲ. ತಂತಿಗೆ ಸುತ್ತಿದ ಕಾಗದಕ್ಕೆ! ಇಷ್ಟು ದೊಡ್ಡ ಯಂತ್ರದ ಆಯುಷ್ಯ ನಿರ್ಧಾರವಾಗುವುದು ಕಾಗದದಿಂದ ಎಂದರೆ ನಂಬುವುದು ಕಷ್ಟ. ಟ್ರಾನ್ಸ್‌ಫಾರ್ಮರಿನ ಒಳಗೆ ತಂತಿಯ ಸುರುಳಿಗಳನ್ನು ಒಂದಕ್ಕೊಂದು ತಾಗದಂತೆ ಕಾಗದದಿಂದ ಸುತ್ತಿ, ಪೂರ್ತಿ ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಬಿಸಿ ಮತ್ತು ತೇವ ಈ ಕಾಗದದ ನಾರನ್ನು ನಿಧಾನವಾಗಿ ತುಂಡರಿಸುತ್ತವೆ. ಎಂಜಿನಿಯರುಗಳು ಬಳಸುವ ಲೆಕ್ಕದ ಪ್ರಕಾರ ಸುರುಳಿಯ ಅತಿ ಬಿಸಿಯಾದ ಜಾಗದ ಉಷ್ಣತೆ 98 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿ 6 ಡಿಗ್ರಿ ಏರಿದಂತೆ ಕಾಗದ ಸವೆಯುವ ವೇಗ ದುಪ್ಪಟ್ಟಾಗುತ್ತದೆ. ನಾರು ಪುಡಿಯಾದ ಕಾಗದ ಒಂದು ಸಿಡಿಲು ಅಥವಾ ಶಾರ್ಟ್ ಸರ್ಕ್ಯೂಟಿನ ಹೊಡೆತವನ್ನೂ ತಾಳುವುದಿಲ್ಲ.

ಕೊಡಗಿನಂಥ ಕಡೆ ತೇವದ ಮಾತು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರಾಗಿರುತ್ತದೆ. ಟ್ರಾನ್ಸ್‌ಫಾರ್ಮರ್ ಬಿಸಿಯಾದಾಗ ಎಣ್ಣೆ ಹಿಗ್ಗಿ ಗಾಳಿ ಹೊರಹೋಗುತ್ತದೆ. ತಣ್ಣಗಾದಾಗ ಹೊರಗಿನ ಗಾಳಿ ಒಳಬರುತ್ತದೆ. ಆ ಗಾಳಿಯ ತೇವ ಹೀರಲು ಒಂದು ಗಾಜಿನ ಕೊಳವೆಯಲ್ಲಿ ಸಿಲಿಕಾ ಜೆಲ್ ಹರಳು ತುಂಬಿರುತ್ತಾರೆ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬದಲ್ಲಿ ಸಿಗುವ ಚಿಕ್ಕ ಪೊಟ್ಟಣದಲ್ಲಿ ಇರುವುದೂ ಅದೇ. ಸಾಮಾನ್ಯವಾಗಿ ಬಳಸುವ ಹರಳು ಒಣಗಿದ್ದಾಗ ನೀಲಿ, ತೇವ ಹೀರಿದ ಮೇಲೆ ಗುಲಾಬಿ. ಗುಲಾಬಿ ಕಂಡರೆ ಸ್ಫೋಟ ಆಗುತ್ತದೆ ಎಂದಲ್ಲ, ಹರಳು ಬದಲಿಸುವ ಕಾಲ ಬಂದಿದೆ ಎಂದರ್ಥ. ಮಳೆಗಾಲ ಪೂರ್ತಿ ಅದನ್ನು ಬದಲಿಸದೆ ಬಿಟ್ಟರೆ ತೇವ ನೇರವಾಗಿ ಎಣ್ಣೆಗೆ, ಎಣ್ಣೆಯಿಂದ ಕಾಗದಕ್ಕೆ ಸೇರುತ್ತದೆ.

ಹಾಗಾಗಿ ವರ್ಷ ಎಣಿಸುವುದಕ್ಕಿಂತ ಪರೀಕ್ಷೆ ಮುಖ್ಯ. ವೈದ್ಯರು ರಕ್ತ ಪರೀಕ್ಷೆ ಮಾಡಿಸುವಂತೆ ಇಲ್ಲಿ ಎಣ್ಣೆಯ ಪರೀಕ್ಷೆ ಮಾಡುತ್ತಾರೆ. ಎಣ್ಣೆಯಲ್ಲಿ ಕರಗಿರುವ ಅನಿಲಗಳೇ ಒಳಗಿನ ಕಾಯಿಲೆ ಹೇಳುತ್ತವೆ: ಅಸಿಟಿಲೀನ್ ಕಂಡರೆ ಒಳಗೆಲ್ಲೋ ಕಿಡಿ ಹಾರುತ್ತಿದೆ, ಎಥಿಲೀನ್ ಹೆಚ್ಚಾದರೆ ಎಣ್ಣೆ ಅತಿಯಾಗಿ ಕಾಯುತ್ತಿದೆ, ಕಾರ್ಬನ್ ಮಾನಾಕ್ಸೈಡ್ ಏರಿದರೆ ಕಾಗದ ಸವೆಯುತ್ತಿರಬಹುದು.

ಪರೀಕ್ಷೆ ಮಾಡಿಯೂ ಸುಮ್ಮನಿದ್ದರೆ ಏನಾಗುತ್ತದೆ?

ಇದಕ್ಕೆ ಇತ್ತೀಚಿನ ಉದಾಹರಣೆ ಲಂಡನ್ನಿನದು. 2025ರ ಮಾರ್ಚ್ 20ರ ರಾತ್ರಿ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ, ಹೇಯ್ಸ್ ಎಂಬ ಜನವಸತಿ ಪ್ರದೇಶದ ನಾರ್ತ್ ಹೈಡ್ ಉಪಕೇಂದ್ರದಲ್ಲಿ ಬೆಂಕಿ ಹೊತ್ತಿಕೊಂಡಿತು. ಉರಿದದ್ದು 1960ರ ದಶಕದ ಟ್ರಾನ್ಸ್‌ಫಾರ್ಮರ್. ಸುಮಾರು 67,000 ಗ್ರಾಹಕರಿಗೆ ಕರೆಂಟ್ ಹೋಯಿತು, ಅಕ್ಕಪಕ್ಕದ ಮನೆಗಳನ್ನು ತೆರವು ಮಾಡಿಸಬೇಕಾಯಿತು. ಮರುದಿನ ಬಹುತೇಕ ಪೂರ್ತಿ ವಿಮಾನ ನಿಲ್ದಾಣವೇ ಮುಚ್ಚಿತು. 1,300ಕ್ಕೂ ಹೆಚ್ಚು ವಿಮಾನಗಳ ಹಾರಾಟಕ್ಕೆ ತೊಂದರೆಯಾಯಿತು.

ಬ್ರಿಟನ್ನಿನ ರಾಷ್ಟ್ರೀಯ ವಿದ್ಯುತ್ ವ್ಯವಸ್ಥೆ ನಿರ್ವಾಹಕ ಸಂಸ್ಥೆ 2025ರ ಜುಲೈನಲ್ಲಿ ತನಿಖಾ ವರದಿ ಕೊಟ್ಟಿತು. ಟ್ರಾನ್ಸ್‌ಫಾರ್ಮರಿನ ಮೇಲಿನ ಬುಶಿಂಗ್ ಎಂಬ ಭಾಗಕ್ಕೆ, ಅಂದರೆ ತಂತಿ ಒಳಹೋಗುವ ಕಡೆ ಇರುವ ಪಿಂಗಾಣಿಯ ಕೊಂಬಿನಂಥ ಭಾಗಕ್ಕೆ, ತೇವ ಸೇರಿದ್ದೇ ಬಹುಮಟ್ಟಿಗೆ ಕಾರಣ ಎಂದಿತು. ಅದಕ್ಕಿಂತ ಗಾಬರಿ ಹುಟ್ಟಿಸುವ ವಿಷಯ ಇನ್ನೊಂದಿತ್ತು. 2018ರ ಜುಲೈನಲ್ಲೇ ಎಣ್ಣೆಯ ಮಾದರಿಯಲ್ಲಿ ತೇವ ಹೆಚ್ಚಿರುವುದು ಪರೀಕ್ಷೆಯಲ್ಲಿ ಕಂಡಿತ್ತು. ಆದರೆ ಸರಿಪಡಿಸುವ ಕೆಲಸ ಆಗಲಿಲ್ಲ. ಸುಮಾರು 7 ವರ್ಷ ಎಚ್ಚರಿಕೆ ಕಾಗದದಲ್ಲೇ ಉಳಿಯಿತು.

ಈ ಕಥೆಯಿಂದ "ಹಳೆ ಟ್ರಾನ್ಸ್‌ಫಾರ್ಮರ್ ಎಲ್ಲಾ ಸಿಡಿಯುತ್ತವೆ" ಎಂದು ಅರ್ಥ ಮಾಡಿಕೊಳ್ಳಬೇಡಿ. ಅದೇ ಕಾಲದ ಎಷ್ಟೋ ಯಂತ್ರಗಳು ಇನ್ನೂ ನಡೆಯುತ್ತಿವೆ. ಇಲ್ಲಿ ಸೋತದ್ದು ಪರೀಕ್ಷೆಯಲ್ಲಿ ಕಂಡದ್ದನ್ನು ಕೆಲಸಕ್ಕೆ ಇಳಿಸದ ವ್ಯವಸ್ಥೆ.

ಹೇಳಿಕೆ 2: ಸಬ್‌ಸ್ಟೇಷನ್ ಪಕ್ಕ ಇದ್ದರೆ ಕ್ಯಾನ್ಸರ್

ಹೆಚ್ಚು ಹಂಚಿಕೆಯಾಗುವ ಮಾತು ಇದು. ಕರೆಂಟ್ ಹರಿಯುವ ಪ್ರತಿ ತಂತಿಯ ಸುತ್ತಲೂ ಕಾಂತಕ್ಷೇತ್ರ ಇರುತ್ತದೆ, ನಿಜ. ಆದರೆ ಇದು ಎಕ್ಸ್‌-ರೇ ತರಹದ ವಿಕಿರಣವಲ್ಲ. ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಮುರಿಯುವಷ್ಟು ಶಕ್ತಿ ಇದಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಈ ಬಗೆಯ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ, ಅಂದರೆ 'ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆ ಇದೆ' ಎಂಬ ಗುಂಪಿಗೆ ಸೇರಿಸಿತು. ಮನೆಯೊಳಗೆ ಸರಾಸರಿ 0.3ರಿಂದ 0.4 ಮೈಕ್ರೊಟೆಸ್ಲಾಗಿಂತ ಹೆಚ್ಚು ಕ್ಷೇತ್ರ ಇದ್ದ ಕಡೆ ಮಕ್ಕಳ ರಕ್ತ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತ್ತು ಎಂಬ ಅಧ್ಯಯನಗಳು ಇದಕ್ಕೆ ಕಾರಣ. ಕಾಂತಕ್ಷೇತ್ರದಿಂದಲೇ ಕಾಯಿಲೆ ಬಂತು ಎಂದು ಮಾತ್ರ ಸಾಬೀತಾಗಿಲ್ಲ. ಫಾರ್ವರ್ಡ್‌ಗಳು ಮೊದಲ ಭಾಗವನ್ನು ಹೇಳುತ್ತವೆ, ಎರಡನೆಯದನ್ನು ಬಿಡುತ್ತವೆ.

2ಬಿ ಗುಂಪು ಎಂದರೆ ಎಂಥದ್ದು ಎಂದು ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. 1991ರಿಂದ 2016ರವರೆಗೆ ಕಾಫಿ ಕೂಡ ಅದೇ ಗುಂಪಿನಲ್ಲಿತ್ತು! 2016ರಲ್ಲಿ ಪುರಾವೆ ಮರುಪರಿಶೀಲಿಸಿ ಕೈಬಿಟ್ಟರು. ಕಾಂತಕ್ಷೇತ್ರವನ್ನು ಇನ್ನೂ ಕೈಬಿಟ್ಟಿಲ್ಲ, ಆದ್ದರಿಂದ ಎಚ್ಚರಿಕೆ ತಪ್ಪಲ್ಲ. ಗಾಬರಿ ಬೇಡ, ಅಷ್ಟೇ.

ದೂರ ಹೆಚ್ಚಿದಂತೆ ಈ ಕ್ಷೇತ್ರ ಬೇಗ ಇಳಿಯುತ್ತದೆ. ಉಪಕೇಂದ್ರದ ಬೇಲಿಯಿಂದ ಕೆಲವೇ ಮೀಟರ್ ಆಚೆ ಒಳಗಿನ ಯಂತ್ರಗಳ ಪ್ರಭಾವ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಬೇಲಿ ದಾಟಿದ ಮೇಲೆ ಅಳತೆಗೆ ಸಿಗುವುದು ಹೆಚ್ಚಾಗಿ ಅಲ್ಲಿಗೆ ಬಂದು ಹೋಗುವ ಲೈನು ಮತ್ತು ಕೇಬಲ್‌ಗಳದ್ದು. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಹೊಸ ಲೈನು ಯಾರ ಮನೆಯ ಪಕ್ಕ ಹಾದುಹೋಗುತ್ತದೆ ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ (2010) 50 ಹರ್ಟ್ಸ್‌ಗೆ 200 ಮೈಕ್ರೊಟೆಸ್ಲಾ. ತಲೆಗೆ ಹತ್ತಿರ ಹಿಡಿದ ಹೇರ್ ಡ್ರೈಯರ್ ಕೂಡ ಕೆಲವೊಮ್ಮೆ ಆ ಮಟ್ಟ ಮುಟ್ಟುತ್ತದೆ.

ಹೇಳಿಕೆ 3: ಗುಂಯ್ ಶಬ್ದ ಬಂದರೆ ವಿಕಿರಣ ಸೋರುತ್ತಿದೆ

ಸುಳ್ಳು. ಪರ್ಯಾಯ ವಿದ್ಯುತ್ತಿನಿಂದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಸೆಕೆಂಡಿಗೆ 100 ಸಲ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ. ಆ ನಡುಕವೇ ಗುಂಯ್‌ಗುಡುವ ಶಬ್ದ. ಮಳೆ, ಮಂಜಿನಲ್ಲಿ ಲೈನಿನ ಬಳಿ ಕೇಳುವ ಚಿರ್ ಸದ್ದು ತಂತಿಯ ಸುತ್ತಲಿನ ಗಾಳಿಯಲ್ಲಿ ಆಗುವ ಸಣ್ಣ ವಿಸರ್ಜನೆ. ಶಬ್ದ ರಾತ್ರಿ ನಿದ್ದೆಗೆಡಿಸಿದರೆ ದೂರು ಕೊಡಲು ಅದೇ ಸಾಕಷ್ಟು ಕಾರಣ, ವಿಕಿರಣದ ಕಥೆ ಸೇರಿಸಬೇಕಿಲ್ಲ. ಆದರೆ ಸದ್ದು ದಿಢೀರನೆ ಬದಲಾಗಿ ಪಟಪಟ ಸಿಡಿಯುವಂತೆ ಕೇಳಿದರೆ ತಕ್ಷಣ 1912ಕ್ಕೆ ಕರೆ ಮಾಡಿ.

ಹೇಳಿಕೆ 4: ಟ್ರಾನ್ಸ್‌ಫಾರ್ಮರ್ ಎಣ್ಣೆ ವಿಷ

ಇದರಲ್ಲಿ ಸತ್ಯಾಂಶವಿದೆ. ಸಾಮಾನ್ಯವಾಗಿ ಬಳಸುವುದು ಪೆಟ್ರೋಲಿಯಂನಿಂದ ತೆಗೆದ ಖನಿಜ ತೈಲ. ಆದರೆ ಕೆಲವು ಹಳೆಯ ಯಂತ್ರಗಳಲ್ಲಿ ಪಿಸಿಬಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಇದೆ. ಅದು ಪರಿಸರದಲ್ಲಿ ಬೇಗ ಕರಗುವುದಿಲ್ಲ, ಮೀನಿನಿಂದ ಮನುಷ್ಯರವರೆಗೆ ಕೊಬ್ಬಿನಲ್ಲಿ ಶೇಖರವಾಗುತ್ತದೆ, ಕ್ಯಾನ್ಸರ್‌ಕಾರಕ ಎಂದೂ ಗುರುತಿಸಲಾಗಿದೆ. ಭಾರತ ಸರ್ಕಾರ 2016ರ ಆದೇಶದಲ್ಲಿ ಪಿಸಿಬಿ ತಯಾರಿಕೆ, ಆಮದು ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಹಾಕಿತು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದೆ. ಆದ್ದರಿಂದ ಹಳೆ ಯಂತ್ರ ತೆಗೆಯುವಾಗ "ಎಣ್ಣೆಯ ಪಿಸಿಬಿ ಪರೀಕ್ಷೆ ಆಗಿದೆಯೇ? ಎಣ್ಣೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವುದು ಊರಿನವರ ಹಕ್ಕು. ಹೊಳೆ, ತೋಡು, ಗದ್ದೆಗೆ ಅದು ಸೇರಬಾರದು. ಹಳೆ ಎಣ್ಣೆಯನ್ನು ಮಂಡಿನೋವಿಗೆ ಹಚ್ಚುವುದು, ಒಲೆ ಹಚ್ಚಲು ಬಳಸುವುದು ಖಂಡಿತ ಬೇಡ.

ಎಣ್ಣೆಯ ಇನ್ನೊಂದು ಅಪಾಯ ಬೆಂಕಿ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪ್ರದೇಶದಲ್ಲಿ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ಸ್ಕೂಟರಿನಲ್ಲಿ ಹೋಗುತ್ತಿದ್ದ ತಂದೆ, ಮಗಳು ಸುಟ್ಟಗಾಯಗಳಿಂದ ತೀರಿಕೊಂಡರು. ಅದು ಉಪಕೇಂದ್ರದ್ದಲ್ಲ, ಬೀದಿಯ ಚಿಕ್ಕ ಟಿ.ಸಿ. ಉಪಕೇಂದ್ರದ ಯಂತ್ರದಲ್ಲಿ ಎಣ್ಣೆ ಸಾವಿರಾರು ಲೀಟರ್ ಇರುತ್ತದೆ. ಅದಕ್ಕೇ ಸುರಕ್ಷತಾ ನಿಯಮಗಳ ಪ್ರಕಾರ 2,000 ಲೀಟರ್‌ಗಿಂತ ಹೆಚ್ಚು ಎಣ್ಣೆ ಇರುವ ಯಂತ್ರಕ್ಕೆ ಸೋರಿದ ಎಣ್ಣೆ ಇಳಿದುಹೋಗುವ ಗುಂಡಿ ಬೇಕು, ಅಕ್ಕಪಕ್ಕದ ಯಂತ್ರಗಳ ನಡುವೆ ಬೆಂಕಿ ತಡೆಯುವ ಗೋಡೆ ಬೇಕು. ಹಳೆಯ ಎಷ್ಟೋ ಉಪಕೇಂದ್ರಗಳು ಕಟ್ಟಿದ್ದು ಸುತ್ತ ಮನೆಗಳೇ ಇಲ್ಲದ ಕಾಲದಲ್ಲಿ. ಬದಲಿಸುವ ಕೆಲಸ ಬಂದರೆ ಇವನ್ನೂ ಇಂದಿನ ನಿಯಮಕ್ಕೆ ತರಲು ಅದೇ ಅವಕಾಶ.

ಹೇಳಿಕೆ 5: ದೊಡ್ಡದು ಹಾಕಿದರೆ ಕರೆಂಟ್ ಹೋಗುವುದಿಲ್ಲ, ಬಿಲ್ ಏರುತ್ತದೆ

ಎರಡೂ ತಪ್ಪು. ರಾಜ್ಯದ 66/11 ಕೆ.ವಿ. ಉಪಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು 8, 12.5 ಅಥವಾ 20 ಎಂ.ವಿ.ಎ. ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್. 12.5 ಎಂ.ವಿ.ಎ. ಎಂದರೆ ಸುಮಾರು 11 ಮೆಗಾವಾಟ್. ಪ್ರತಿ ಮನೆ ಒಂದೇ ಹೊತ್ತಿಗೆ 2 ಕಿಲೋವಾಟ್ ಬಳಸಿದರೆ 5,500 ಮನೆಗಳಿಗೆ ಸಾಕು. ಕೊಡಗಿನಲ್ಲಿ ಹೊರೆ ಏರುವ ಕಾಲ ಬೇರೆ: ಕಾಫಿ ಕೊಯ್ದು ಪಲ್ಪಿಂಗ್ ಮಾಡುವಾಗ, ಹೂಮಳೆ ಬಾರದೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಓಡುವಾಗ. ಆಗ ಹಳೆ ಟ್ರಾನ್ಸ್‌ಫಾರ್ಮರಿಗೆ ತಾಳಲಾಗದೆ ಲೋಡ್‌ಶೆಡ್ಡಿಂಗ್ ಮಾಡಬೇಕಾಗುತ್ತಿದ್ದರೆ ದೊಡ್ಡದು ಹಾಕಿದ ಮೇಲೆ ಆ ತೊಂದರೆ ತಪ್ಪುತ್ತದೆ.

ಆದರೆ ಜುಲೈನ ಗಾಳಿಗೆ ಸಿಲ್ವರ್ ಓಕ್ ಮರ ಬಿದ್ದು 11 ಕೆ.ವಿ. ಲೈನ್ ಕಡಿದರೆ, ಉಪಕೇಂದ್ರ ಎಷ್ಟೇ ಹೊಸದಾಗಿದ್ದರೂ ಕತ್ತಲೆಯೇ. ತೋಟದ ಮಧ್ಯೆ ಹತ್ತಾರು ಕಿಲೋಮೀಟರ್ ಹೋಗುವ ಫೀಡರಿನ ತುದಿಯ ಮನೆಗೆ ವೋಲ್ಟೇಜ್ ಕಡಿಮೆ ಬರುವುದೂ ಟ್ರಾನ್ಸ್‌ಫಾರ್ಮರ್ ಬದಲಿಸಿದ ಮಾತ್ರಕ್ಕೆ ಸರಿಹೋಗದು. ಅದಕ್ಕೆ ಫೀಡರ್ ವಿಭಜನೆ, ದಪ್ಪ ತಂತಿ ಅಥವಾ ಹತ್ತಿರದಲ್ಲೊಂದು ಹೊಸ ಉಪಕೇಂದ್ರ ಬೇಕು. ನಿಮ್ಮೂರಿನ ತೊಂದರೆ ಯಾವುದು ಎಂದು ಮೊದಲು ಗುರುತಿಸಿ, ಬೇಡಿಕೆ ಆಮೇಲೆ ಇಡಿ.

ಬಿಲ್ ವಿಷಯಕ್ಕೆ ಬಂದರೆ, ಯೂನಿಟ್ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಒಂದು ಊರಿನ ಉಪಕೇಂದ್ರದ ಖರ್ಚನ್ನು ಆ ಊರಿನವರ ಬಿಲ್ಲಿಗೆ ಮಾತ್ರ ಸೇರಿಸುವ ಪದ್ಧತಿ ಇಲ್ಲ.

ಊರನ್ನು ಕತ್ತಲಲ್ಲಿಡದೆ ಬದಲಿಸುವುದು ಹೇಗೆ?

ಕೆಲಸದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಹಳೆಯದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸ ಅಡಿಪಾಯ, ಭೂಸಂಪರ್ಕದ ಜಾಲ, ನಿಯಂತ್ರಣ ಕೊಠಡಿ ಸಿದ್ಧಪಡಿಸುತ್ತಾರೆ. ಹತ್ತಾರು ಟನ್ ತೂಕದ ಟ್ರಾನ್ಸ್‌ಫಾರ್ಮರನ್ನು ಟ್ರೈಲರ್‌ನಲ್ಲಿ ತರುತ್ತಾರೆ. ಕೊಡಗಿನ ತಿರುವು, ಸೇತುವೆಗಳಲ್ಲಿ ಇದೇ ದೊಡ್ಡ ಸಾಹಸ, ಆದ್ದರಿಂದ ಮಳೆಗಾಲ ತಪ್ಪಿಸುವುದು ಜಾಣತನ. ಆಮೇಲೆ ಒಳಗಿನ ತೇವ ತೆಗೆದು, ಎಣ್ಣೆ ಸೋಸಿ ತುಂಬಿ, ದಿನಗಟ್ಟಲೆ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಫೀಡರ್‌ಗಳನ್ನು ಒಂದೊಂದಾಗಿ ಹೊಸದಕ್ಕೆ ಬದಲಿಸುತ್ತಾರೆ. ಆ ದಿನಗಳಲ್ಲಿ ಪಕ್ಕದ ಉಪಕೇಂದ್ರದಿಂದ ಅಥವಾ ಲಾರಿಯ ಮೇಲಿನ ಸಂಚಾರಿ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ ಕೊಡಬಹುದು. ಪಕ್ಕದಲ್ಲಿ ಜಾಗವೇ ಇಲ್ಲದ ಬೆಂಗಳೂರಿನಂಥ ನಗರದಲ್ಲಿ ಯಂತ್ರಭಾಗಗಳನ್ನು ಅನಿಲ ತುಂಬಿದ ಲೋಹದ ಕೊಳವೆಗಳೊಳಗೆ ಇಟ್ಟು, ಚಿಕ್ಕ ಕಟ್ಟಡದೊಳಗೇ ಉಪಕೇಂದ್ರ ಕಟ್ಟುತ್ತಾರೆ. ಖರ್ಚು ಹೆಚ್ಚು, ಜಾಗ ಬಹಳ ಕಡಿಮೆ ಸಾಕು.

ಉಪಕೇಂದ್ರದ ನೆಲಕ್ಕೆ ಜಲ್ಲಿ ಹಾಸುವುದು ಚೆಂದಕ್ಕಲ್ಲ. ದೋಷ ಆದಾಗ ನೆಲದಲ್ಲಿ ಕರೆಂಟ್ ಹರಿಯುತ್ತದೆ, ಎರಡು ಪಾದಗಳ ನಡುವೆಯೇ ಅಪಾಯಕಾರಿ ವೋಲ್ಟೇಜ್ ಇರಬಹುದು. ಒಣ ಜಲ್ಲಿ ಪಾದಕ್ಕೂ ನೆಲಕ್ಕೂ ನಡುವೆ ತಡೆಯಾಗುತ್ತದೆ, ಸೋರಿದ ಎಣ್ಣೆ ಹರಡದಂತೆ ನೋಡಿಕೊಳ್ಳುತ್ತದೆ, ಕಳೆಯೂ ಬೆಳೆಯುವುದಿಲ್ಲ. ಇದೇ ಕಾರಣಕ್ಕೆ ತೋಟದಲ್ಲಿ ತಂತಿ ಹರಿದು ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ನಿಲ್ಲಿ. ಹತ್ತಿರ ಸಿಕ್ಕಿಕೊಂಡಿದ್ದರೆ ದೊಡ್ಡ ಹೆಜ್ಜೆ ಇಡದೆ, ಎರಡೂ ಪಾದ ಜೋಡಿಸಿ ನೆಲದಿಂದ ಎತ್ತದೆ ತೆವಳಿಸುತ್ತಾ ದೂರ ಬನ್ನಿ. ಕಾರ್ಮಿಕರಿಗೂ, ಮಕ್ಕಳಿಗೂ ಇದನ್ನು ಹೇಳಿಕೊಡಿ.

ನಿಮ್ಮೂರಿನಲ್ಲಿ ಬದಲಿಸುವ ಮಾತು ಬಂದರೆ ಏನು ಕೇಳಬೇಕು?

ಪ್ರಸರಣ ಲೈನು ಮತ್ತು 66 ಕೆ.ವಿ. ಉಪಕೇಂದ್ರಗಳ ಹೊಣೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ್ದು. ಕೊಡಗಿನಲ್ಲಿ ಮನೆಗಳಿಗೆ ವಿದ್ಯುತ್ ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಜನ ಇಬ್ಬರನ್ನೂ ಇನ್ನೂ 'ಕೆ.ಇ.ಬಿ.ಯವರು' ಎಂದೇ ಕರೆಯುತ್ತಾರೆ, ಅದಕ್ಕೇ ಅರ್ಜಿ ತಪ್ಪು ಕಚೇರಿಗೆ ಹೋಗುವುದುಂಟು. ಗ್ರಾಮಸಭೆಯಲ್ಲಿ ಅಥವಾ ಮಾಹಿತಿ ಹಕ್ಕಿನಡಿ ಈ ಪ್ರಶ್ನೆಗಳನ್ನು ಕೇಳಿ:

• ಈಗಿರುವ ಟ್ರಾನ್ಸ್‌ಫಾರ್ಮರಿನ ಎಣ್ಣೆ ಪರೀಕ್ಷೆ ಕೊನೆಯ ಸಲ ಆದದ್ದು ಯಾವಾಗ? ಫಲಿತಾಂಶದ ಮೇಲೆ ಏನು ಕ್ರಮವಾಯಿತು?
• ಅತಿ ಹೆಚ್ಚು ಬಳಕೆಯ ತಿಂಗಳಲ್ಲಿ ಸಾಮರ್ಥ್ಯದ ಎಷ್ಟು ಭಾಗ ಹೊರೆ ಬೀಳುತ್ತಿದೆ?
• ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಇನ್ನೊಂದು ಊರನ್ನು ನಡೆಸಬಲ್ಲದೇ?
• ಎಣ್ಣೆ ಗುಂಡಿ, ಬೆಂಕಿ ತಡೆ ಗೋಡೆ ಇವೆಯೇ?
• ಹೊಸ ಲೈನು, ಕೇಬಲ್ ಯಾವ ದಾರಿಯಲ್ಲಿ ಬರುತ್ತವೆ?
• ಹಳೆಯ ಎಣ್ಣೆ ಮತ್ತು ಯಂತ್ರವನ್ನು ಯಾರು, ಎಲ್ಲಿ ವಿಲೇವಾರಿ ಮಾಡುತ್ತಾರೆ?
• ಕೆಲಸದ ದಿನಗಳಲ್ಲಿ ಆಸ್ಪತ್ರೆ, ಕುಡಿಯುವ ನೀರಿನ ಪಂಪ್‌ಗಳಿಗೆ ಪರ್ಯಾಯ ಏನು?

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಲಂಡನ್ನಿನಲ್ಲಿ 2018ರಲ್ಲಿ ಅದನ್ನು ಯಾರಾದರೂ ಒತ್ತಿ ಕೇಳಿದ್ದರೆ 2025ರ ಆ ರಾತ್ರಿ ಬೇರೆಯಾಗಿರುತ್ತಿತ್ತೇನೋ.

ಕೊನೆಯ ಮಾತು

'ಕ್ಯಾನ್ಸರ್ ಬರುತ್ತೆ' ಎಂಬ ಒಂದು ಸಾಲಿನ ಸಂದೇಶಕ್ಕೆ ಹೆದರಿ ಊರು ಹೊಸ ಉಪಕೇಂದ್ರವನ್ನು ವಿರೋಧಿಸಿದರೆ ಹಳೆಯದೇ ಅಲ್ಲಿ ಇನ್ನೂ ಹತ್ತು ಮಳೆಗಾಲ ಕೂರುತ್ತದೆ. ಅಕ್ಕಪಕ್ಕದ ಮನೆಗಳಿಗೆ ಅದರಿಂದ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮುಂದಿನ ಸಲ ಅಂಥ ಫಾರ್ವರ್ಡ್ ಬಂದರೆ ಅದರ ಜೊತೆ ಮೇಲಿನ ಪ್ರಶ್ನೆಗಳ ಪಟ್ಟಿಯನ್ನೂ ಗುಂಪಿಗೆ ಹಾಕಿ.